ರೋಸ್‌ಮರಿ ಒಣಗುತ್ತಿದೆಯಾ? ನೀರು ಹಾಕುವ ಮೊದಲು ಬೇರು ನೋಡಿ

ಮಳೆಗಾಲದಲ್ಲಿ ರೋಸ್‌ಮರಿ ಎಲೆ ಕಂದಾದರೆ ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮಣ್ಣಿಗೆ ಬೆರಳು ಇಳಿಸಿ ನೋಡಿ. ಮಣ್ಣು ಹಸಿಯಾಗಿದ್ದೂ ಎಲೆ ಒಣಗುತ್ತಿದ್ದರೆ ಬೇರು ಕೊಳೆತಿರಬಹುದು. ಗಿಡವನ್ನು ಕುಂಡದಿಂದ ಮೆಲ್ಲಗೆ ಬಿಡಿಸಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ. ಹೊಸ ಮಣ್ಣಿಗೆ ಮೂರರಲ್ಲಿ ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಮಣ್ಣು ಸಡಿಲವಾಗಿಸುವ ಹಗುರವಾದ ಬಿಳಿ ಕಾಳು) ಬೆರೆಸಿ. ಮೆಡಿಟರೇನಿಯನ್ ತೀರದ ಒಣ ಗುಡ್ಡಗಳ ಗಿಡ ಇದು, ಬೇರಿಗೆ ಗಾಳಿ ಬೇಕೇ ಬೇಕು. ಹಾಗಾಗಿ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲೇಬಾರದು. ಜೋರು ಮಳೆ ಬಂದರೆ ಸೂರಿನ ಕೆಳಗೆ ಸರಿಸಿ, ಆದರೆ ಬಿಸಿಲು ತಪ್ಪಿಸಬೇಡಿ.

ಎಲೆ ಮೇಲೆ ಬಿಳಿ ಪುಡಿ ಕಂಡರೆ ಬೂದಿ ರೋಗ. ಗಾಳಿಯಾಡುವಂತೆ ಒತ್ತಾದ ಕೊಂಬೆ ಕತ್ತರಿಸಿ. ಎಲೆಯೇ ಇಲ್ಲದ ಹಳೆ ಕಟ್ಟಿಗೆವರೆಗೂ ಕತ್ತರಿಸಿದರೆ ಮಾತ್ರ ಅಲ್ಲಿಂದ ಮತ್ತೆ ಚಿಗುರುವುದು ಕಷ್ಟ.