ಜಾಗ ನೋಡಲು ಹೋಗಿ ನೀರು ನೋಡಿದ್ದು

ನಾವಿದ್ದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಬೇಕಾದ್ದನ್ನು ಆದಷ್ಟು ನಾವೇ ಬೆಳೆದುಕೊಂಡು ಬದುಕಲು ಜಮೀನು ಹುಡುಕುತ್ತಿದ್ದೆವು. ಅಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ದಾರಿ ಅದೇ ರಾಜ್ಯದ ವರ್ನನ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಹಿಮಯುಗದ ಹಿಮನದಿಗಳು ಈ ಭಾಗವನ್ನು ಮುಟ್ಟಲಿಲ್ಲವಂತೆ. ಅದಕ್ಕೇ ಇಲ್ಲಿ ಮಿಡ್‌ವೆಸ್ಟಿನ (ಅಮೆರಿಕದ ನಡು-ಉತ್ತರ ಭಾಗದ) ಚಪ್ಪಟೆ ಹೊಲಗಳಿಲ್ಲ, ಗುಡ್ಡ, ಕಣಿವೆ, ಹಳ್ಳಗಳೇ ಎಲ್ಲ ಕಡೆ. ತೀರ್ಥಹಳ್ಳಿ ಕಡೆಯವನಾದ ನಾನು ನೋಡಿದ ತಕ್ಷಣ ಮರುಳಾದೆ. ತರಕಾರಿ, ಕೋಳಿ, ನಾಲ್ಕು ಆಡು, ಸೌದೆ ಒಲೆ. ಇಷ್ಟಕ್ಕೆ ಹತ್ತು ಹನ್ನೆರಡು ಎಕರೆ ಸಾಕು ಅಂತ ನನ್ನ, ಹೆಂಡತಿಯ ಲೆಕ್ಕ.

ಮೊದಲು ಹಿಡಿಸಿದ್ದು ಕಿಕಾಪೂ ನದಿಯ ಕಣಿವೆ. ಸಮತಟ್ಟು ನೆಲ, ಒಳ್ಳೆ ಮಣ್ಣು, ರೇಟೂ ಕಡಿಮೆ. ಯಾಕೆ ಕಡಿಮೆ ಅಂತ ಮಾರುವವರು ಬಾಯಿ ಬಿಡಲಿಲ್ಲ. ಪಕ್ಕದ ಹೊಲದ ಅಜ್ಜ ಕೊಟ್ಟಿಗೆ ಗೋಡೆಯ ಮೇಲಿನ ಕೆಸರಿನ ಗೆರೆ ತೋರಿಸಿದರು. ನನ್ನ ಎದೆಯ ಮಟ್ಟಕ್ಕಿತ್ತು! ಇಲ್ಲಿ 2007, 2008, 2018ರಲ್ಲಿ ದೊಡ್ಡ ನೆರೆ ಬಂದಿತ್ತು. 2018ರ ಆಗಸ್ಟ್‌ನಲ್ಲಂತೂ ಈ ಸುತ್ತಿನ ಐದು ಸಣ್ಣ ಅಣೆಕಟ್ಟೆಗಳು ಒಡೆದಿದ್ದವು. ಇನ್ನೊಂದು ಮಾತನ್ನೂ ಅಜ್ಜ ಹೇಳಿದರು: ರಾತ್ರಿ ತಣ್ಣನೆ ಗಾಳಿ ಕಣಿವೆಗೇ ಇಳಿದು ಕೂರುತ್ತದೆ, ಮೇಲಿನವರ ಟೊಮೆಟೊ ಉಳಿದರೂ ಕೆಳಗಿನವರದ್ದು ಹಿಮದ ಚಳಿಗೆ ಸುಟ್ಟುಹೋಗುತ್ತದೆ. ಆಮೇಲೆ ನಾನು ಸರ್ಕಾರದ ನೆರೆ ನಕ್ಷೆ ನೋಡದೆ ಕಾರೇ ತೆಗೆಯುತ್ತಿರಲಿಲ್ಲ.

ಸರಿ, ಗುಡ್ಡದ ನೆತ್ತಿಗೆ ಹೋಗೋಣ ಅಂದುಕೊಂಡೆವು. ಅಲ್ಲಿ ನೆರೆಯ ಭಯವಿಲ್ಲ. ಆದರೆ ಅಡಿಯಲ್ಲಿರುವುದು ಬಿರುಕು ಬಿಟ್ಟ ಸುಣ್ಣಕಲ್ಲು. ಹೊಲಕ್ಕೆ ಹಾಕಿದ ಗೊಬ್ಬರ ಬೇಗ ಬೋರ್‌ವೆಲ್ ಸೇರುತ್ತದೆ. ಸ್ವಂತ ಬಾವಿಯ ನೀರನ್ನು ಇಲ್ಲಿ ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ, ನಾವೇ ಲ್ಯಾಬಿಗೆ ಕಳಿಸಬೇಕು. ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್, ಅದರಲ್ಲಿರುವ ಸಾರಜನಕದ ಲೆಕ್ಕದಲ್ಲಿ, ಲೀಟರಿಗೆ 10 ಮಿಲಿಗ್ರಾಂ ದಾಟಬಾರದು. ನಮಗೆ ತುಂಬ ಇಷ್ಟವಾಗಿದ್ದ ಜಾಗದಲ್ಲಿ 14 ಬಂತು. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಉಳಿದದ್ದು ಗುಡ್ಡದ ನಡುಭಾಗ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನೇ ಹುಡುಕಿದೆ, ಬಿಸಿಲು ಜಾಸ್ತಿ ಅಲ್ವಾ? ಗುದ್ದಲಿ ಹಿಡಿದು ಹತ್ತು ಕಡೆ ಅಗೆದೆ. ಕೆಲವು ಕಡೆ ಮೇಲ್ಮಣ್ಣು ಗೇಣುದ್ದವೂ ಇರಲಿಲ್ಲ. ಆಶ್ಚರ್ಯವೇನಿಲ್ಲ. ಇಳಿಜಾರಿನ ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಅಮೆರಿಕ ಸರ್ಕಾರ 1933ರಲ್ಲಿ ಒಂದಿಡೀ ಕಣಿವೆಯ ಮಟ್ಟದಲ್ಲಿ ಮೊದಲ ಪ್ರಾತ್ಯಕ್ಷಿಕೆ ಶುರು ಮಾಡಿದ್ದೇ ಇದೇ ಕೌಂಟಿಯ ಕೂನ್ ವ್ಯಾಲಿಯಲ್ಲಿ. ಗುಡ್ಡದ ಬಾಗಿಗೆ ತಕ್ಕಂತೆ ಪಟ್ಟೆ ಪಟ್ಟೆಯಾಗಿ ಉಳುವ ಹೊಲಗಳು ಈಗಲೂ ಕಾಣುತ್ತವೆ. ಸೆಪ್ಟಿಕ್ ಟ್ಯಾಂಕಿಗೂ ಮಣ್ಣಿನ ಪರೀಕ್ಷೆ ಬೇಕು. ಅದು ಪಾಸಾಗದ ಜಾಗದಲ್ಲಿ ಮನೆ ಕಟ್ಟುವ ಕನಸು ಕಾಣದಿರುವುದೇ ವಾಸಿ.

ಹನ್ನೆರಡು ಎಕರೆ ಕೊಂಡೆವು. ಬಾವಿಯ ನೀರು ಚೆನ್ನಾಗಿದೆ. ಅಕ್ಕಿ, ತೊಗರಿಬೇಳೆ ಮಾತ್ರ ಈಗಲೂ ಪೇಟೆಯಿಂದಲೇ ಬರಬೇಕು, ಪೂರ್ತಿ ಸ್ವಾವಲಂಬನೆ ಅನ್ನುವುದೆಲ್ಲ ಸುಮ್ನೆ ಮಾತು. ಮೆಣಸಿನಕಾಯಿ ಸಸಿಯನ್ನು, ಹೊರಗೆ ಇನ್ನೂ ಚಳಿಯಿರುವ ಮಾರ್ಚ್‌ನಲ್ಲೇ, ಮನೆಯೊಳಗೆ ಎಬ್ಬಿಸುತ್ತೇವೆ. ಒಂದನ್ನು ಮಾತ್ರ ಅಳೆದಿರಲಿಲ್ಲ. ರಸ್ತೆಯಿಂದ ಮನೆಗೆ 400 ಅಡಿ ಏರುದಾರಿ. ರಸ್ತೆಯ ಹಿಮವನ್ನು ಸ್ಥಳೀಯ ಆಡಳಿತದವರು ತೆಗೆಯುತ್ತಾರೆ, ಈ ದಾರಿಯದ್ದು ನಮ್ಮ ಪಾಲು.