ಕಾಸರಗೋಡಿನ ಸೆಕೆಗೆ ಎಂಥ ರೇಡಿಯೇಟರ್, ಎಂಥ ಫ್ಯಾನ್?

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ವಾಟರ್ ಕೂಲಿಂಗ್ ಕಂಪ್ಯೂಟರ್ ಜೋಡಿಸುವವರು ಮೊದಲು ಕೋಣೆಯ ಸೆಕೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಬಿಸಿಯಾದ ನೀರನ್ನು ಫ್ಯಾನಿನ ಗಾಳಿಯಿಂದ ತಣಿಸುವ ರೇಡಿಯೇಟರ್ ಎಷ್ಟೇ ದೊಡ್ಡದಿದ್ದರೂ ನೀರು ಕೋಣೆಯ ಗಾಳಿಗಿಂತ ತಣ್ಣಗಾಗದು. ಏಪ್ರಿಲ್‌ನಲ್ಲಿ ಕೋಣೆ 33 ಡಿಗ್ರಿ ಇದ್ದರೆ ನೀರಿನ ಲೆಕ್ಕ ಅಲ್ಲಿಂದಲೇ ಆರಂಭ. ಪ್ರೊಸೆಸರ್ ಒಂದಕ್ಕೇ ಆದರೆ ಸಾಮಾನ್ಯವಾಗಿ 240 ಮಿ.ಮೀ. ಅಳತೆಯ ರೇಡಿಯೇಟರ್ ಸಾಕು. ಗ್ರಾಫಿಕ್ಸ್ ಕಾರ್ಡನ್ನೂ ಸೇರಿಸುವುದಾದರೆ 360ಕ್ಕಿಂತ ಕಡಿಮೆ ಬೇಡವೇ ಬೇಡ. ಜಾಗವಿದ್ದರೆ ಎರಡು ರೇಡಿಯೇಟರ್ ಹಾಕಿ.

ದಪ್ಪಕ್ಕೆ ಮರುಳಾಗಬೇಡಿ. ದಪ್ಪ ರೇಡಿಯೇಟರ್‌ನಲ್ಲಿ ಒತ್ತೊತ್ತಾದ ಫಿನ್‌ಗಳ (ಶಾಖ ಹೊರಬಿಡುವ ತೆಳು ಲೋಹದ ಪಟ್ಟಿಗಳ) ನಡುವೆ ಗಾಳಿ ನುಗ್ಗಿಸಲು ಫ್ಯಾನ್ ಜೋರಾಗಿ ತಿರುಗಬೇಕು, ಸದ್ದು ಏರುತ್ತದೆ. ಫಿನ್‌ಗಳು ವಿರಳವಾಗಿರುವ 30 ಮಿ.ಮೀ. ದಪ್ಪದ ರೇಡಿಯೇಟರ್ ನಿಧಾನದ ಫ್ಯಾನಿಗೂ ಒಗ್ಗುತ್ತದೆ, ಧೂಳು ತೆಗೆಯುವುದೂ ಸುಲಭ. ಫ್ಯಾನ್ ಆರಿಸುವಾಗ ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಡೆತಡೆಯ ನಡುವೆಯೂ ಗಾಳಿ ತಳ್ಳುವ ಒತ್ತಡ ನೋಡಿ. ಪೆಟ್ಟಿಗೆಯ ಮೇಲಿನ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಅಂಕಿ ಅಡೆತಡೆಯಿಲ್ಲದ ಗಾಳಿಯದು. ಆ ರೇಡಿಯೇಟರಿಗೆ ಫ್ಯಾನಿನ 25 ಮಿ.ಮೀ. ದಪ್ಪ ಸೇರಿ ಒಟ್ಟು 55 ಮಿ.ಮೀ. ಆಗುತ್ತದೆ. ಅದು ರ‍್ಯಾಮಿಗೆ ತಾಗದೆಂದು ಅಳೆದ ಮೇಲೆಯೇ ದುಡ್ಡು ಕೊಡಿ.

ಮಳೆಗಾಲದ ತೇವಕ್ಕೆ ಹೆದರಬೇಕಿಲ್ಲ. ನೀರು ಕೋಣೆಗಿಂತ ಬೆಚ್ಚಗೇ ಇರುವುದರಿಂದ ಪೈಪಿನ ಮೇಲೆ ಹನಿ ಕಟ್ಟುವುದಿಲ್ಲ. ಆದರೆ ತಾಮ್ರದ ವಾಟರ್‌ಬ್ಲಾಕ್‌ಗೆ (ಪ್ರೊಸೆಸರ್ ಮೇಲೆ ಕೂತು ಶಾಖವನ್ನು ನೀರಿಗೆ ದಾಟಿಸುವ ಭಾಗ) ಅಗ್ಗದ ಅಲ್ಯುಮಿನಿಯಂ ರೇಡಿಯೇಟರ್ ಜೋಡಿಸಬೇಡಿ. ಎರಡು ಲೋಹ ಒಂದೇ ನೀರಿನಲ್ಲಿ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ.