ಫ್ಲೈಟ್ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕ್ಕೊಳ್ಳಿ

ಬೇಸಿಗೇಲಿ ಟೋಕಿಯೋದಿಂದ ಬೆಳಿಗ್ಗೆ 11ಕ್ಕೆ ಹೊರಟ್ರೆ ನ್ಯೂಯಾರ್ಕಲ್ಲಿ ಅದೇ ದಿನ ಬೆಳಿಗ್ಗೆ 11ಕ್ಕೇ ಇಳೀಬಹುದು. ಟಿಕೆಟ್ ನೋಡಿ ಪ್ರಿಂಟ್ ಮಿಸ್ಟೇಕ್ ಅಂದ್ಕೋಬೇಡಿ, ಹಾಗೆ ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದ್ಲು ದೂರ ನೋಡೋಣ.

ಊರಿನ ಹೆಸ್ರು ಹಾಕಿ ಹುಡುಕೋ ಬದ್ಲು ಏರ್‌ಪೋರ್ಟಿನ ಮೂರಕ್ಷರದ ಕೋಡ್ ಹಾಕಿ. ಟೋಕಿಯೋಗೇ ಹನೇಡಾ (ಎಚ್‌ಎನ್‌ಡಿ), ನರಿಟಾ (ಎನ್‌ಆರ್‌ಟಿ) ಅಂತ ಎರಡಿದೆ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 60 ಕಿಮೀ.

ಗೋಡೆ ಮ್ಯಾಪಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯೋ ಕೆಲಸ ಮಾತ್ರ ಬೇಡ. ಗೆರೆ ಪೆಸಿಫಿಕ್ ಸಮುದ್ರದ ಮಧ್ಯೆ ನೆಟ್ಟಗೆ ಹೋಗತ್ತೆ, ಹತ್ತಿರದ ದಾರಿ ಅದಲ್ಲ. ಗ್ಲೋಬ್ ಇದ್ರೆ ಒಂದು ದಾರ ತಗೊಂಡು ಒಂದು ತುದಿ ಹನೇಡಾ ಮೇಲೆ, ಇನ್ನೊಂದು ತುದಿ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟ್ ಮೇಲೆ ಬೆರಳಲ್ಲಿ ಒತ್ತಿ ಹಿಡಿದು ಬಿಗಿಯಾಗಿ ಎಳೀರಿ, ದಾರ ತಾನಾಗೇ ಮೇಲಕ್ಕೆ ಜಾರಿ ಅಲಾಸ್ಕಾ ಮೇಲೆ ಹೋಗಿ ಕೂತ್ಕೊಳ್ಳತ್ತೆ. ಇದಕ್ಕೇ ಗ್ರೇಟ್ ಸರ್ಕಲ್ ಅನ್ನೋದು. ಈಗ ಅಷ್ಟೇ ಉದ್ದದ ದಾರಾನ ಭೂಮಧ್ಯ ರೇಖೆ ಮೇಲಿಟ್ಟು ಎಷ್ಟು ಡಿಗ್ರಿ ಅಂತ ಎಣಿಸಿ, ಸುಮಾರು 98 ಬರತ್ತೆ, ಒಂದು ಡಿಗ್ರಿಗೆ 111 ಕಿಮೀ, ಅಲ್ಲಿಗೆ ಹತ್ರತ್ರ 10,900 ಕಿಮೀ ಆಯ್ತು. ವೆಬ್‌ಸೈಟಲ್ಲಿ ದೂರ ನಾಟಿಕಲ್ ಮೈಲಿಯಲ್ಲಿ ಕೊಟ್ಟಿದ್ರೆ 1.852ರಿಂದ ಗುಣಿಸಿದ್ರೆ ಕಿಮೀ ಸಿಗತ್ತೆ.

ಟೈಮಿಗೆ ದೂರಾನ 900ರಿಂದ ಭಾಗಿಸಿ, ಯಾಕಂದ್ರೆ ದೊಡ್ಡ ಜೆಟ್ ವಿಮಾನಗಳು ಮೇಲೆ ಹೆಚ್ಚುಕಮ್ಮಿ ಗಂಟೆಗೆ 900 ಕಿಮೀ ಸ್ಪೀಡಲ್ಲೇ ಹೋಗೋದು. 12 ಗಂಟೆ ಬಂತು. ಗೇಟಿಂದ ರನ್‌ವೇಗೆ ಹೋಗೋದು, ಕ್ಯೂ, ಏರೋದು, ಇಳಿಯೋದು ಎಲ್ಲಾ ಸೇರಿ ಇನ್ನೊಂದು ಮುಕ್ಕಾಲು ಗಂಟೆ ಹಾಕ್ಕೊಳ್ಳಿ.

ಇಷ್ಟಾದ್ರೂ ಉತ್ತರ ಪಕ್ಕಾ ಅಲ್ಲ, ಗಾಳಿ ಇದ್ಯಲ್ಲ! ಜೆಟ್ ಸ್ಟ್ರೀಮ್ (ವಿಮಾನ ಹಾರೋ ಎತ್ತರದಲ್ಲಿರೋ ಜೋರು ಗಾಳಿ) ಬೀಸೋದು ಪಶ್ಚಿಮದಿಂದ ಪೂರ್ವಕ್ಕೆ, ಚಳಿಗಾಲದಲ್ಲಿ ಇನ್ನೂ ಜೋರು, ಅದಕ್ಕೇ ಟೋಕಿಯೋದಿಂದ ಹೋಗುವಾಗ 13 ಗಂಟೆ ಆದ್ರೆ ವಾಪಸ್ ಬರುವಾಗ 14 ಆಗತ್ತೆ. ಎಷ್ಟೋ ಸಲ ಪೈಲಟ್‌ಗಳು ನಮ್ಮ ದಾರದ ದಾರಿ ಬಿಟ್ಟು ದಕ್ಷಿಣದ ಕಡೆಯಿಂದ ಸುತ್ತಿ ಹೋಗ್ತಾರೆ, ದೂರ ಜಾಸ್ತಿ ಆದ್ರೂ ಗಾಳಿ ತಳ್ಳೋದ್ರಿಂದ ಬೇಗ ತಲುಪತ್ತೆ. 2020ರ ಫೆಬ್ರವರಿಯಲ್ಲಿ ಒಂದು ವಿಮಾನ ನ್ಯೂಯಾರ್ಕಿಂದ ಲಂಡನ್ನಿಗೆ 5 ಗಂಟೆ ಒಳಗೇ ಹೋಗಿಬಿಟ್ಟಿತ್ತು, ಮಾಮೂಲಿ ಆರೂವರೆ-ಏಳು ಗಂಟೆ ಬೇಕು. ಹಳೇ ಪೋಸ್ಟ್‌ಗಳಲ್ಲಿರೋ ಟೈಮ್ ನಂಬೋಕಾಗಲ್ಲ ಅನ್ನೋಕೆ ಇನ್ನೊಂದು ಕಾರಣ, 2022ರಿಂದ ಎಷ್ಟೋ ಏರ್‌ಲೈನ್‌ಗಳಿಗೆ ರಷ್ಯಾ ಮೇಲೆ ಹಾರೋ ಹಾಗಿಲ್ಲ. ಲಂಡನ್-ಟೋಕಿಯೋ 12 ಗಂಟೆ ಇದ್ದಿದ್ದು ಈಗ 14ರ ಹತ್ರ.

ಈಗ ಆ 11-11ರ ವಿಷಯ. ಟಿಕೆಟಲ್ಲಿ ಎರಡೂ ಕಡೆ ಆಯಾ ಊರಿನ ಟೈಮ್ ಇರತ್ತೆ. ಬೇಸಿಗೇಲಿ ಟೋಕಿಯೋ ನ್ಯೂಯಾರ್ಕಿಗಿಂತ 13 ಗಂಟೆ ಮುಂದೆ, ಪ್ರಯಾಣವೂ 13 ಗಂಟೆ, ಅಲ್ಲಿಗಲ್ಲಿಗೆ ಚುಕ್ತಾ. ಚಳಿಗಾಲದಲ್ಲಿ ಅಮೆರಿಕದವ್ರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಜಪಾನಲ್ಲಿ ಆ ಪದ್ಧತಿ ಇಲ್ಲ, ಆಗ ವ್ಯತ್ಯಾಸ 14 ಆಗತ್ತೆ. ಬೇಸಿಗೇಲೇ ವಾಪಸ್ ಬರುವಾಗ ನೋಡಿ, ನ್ಯೂಯಾರ್ಕಲ್ಲಿ ಮಧ್ಯಾಹ್ನ 1 ಗಂಟೆ ಅಂದ್ರೆ ಟೋಕಿಯೋದಲ್ಲಿ ರಾತ್ರಿ 2, ಅದಕ್ಕೆ 14 ಗಂಟೆ ಸೇರಿಸಿದ್ರೆ ಇಳಿಯೋದು ಮಾರನೇ ದಿನ ಸಂಜೆ 4ಕ್ಕೆ. ಟಿಕೆಟಲ್ಲಿ ಟೈಮ್ ಪಕ್ಕ ಸಣ್ಣಕ್ಕೆ +1 ಅಂತ ಬರೆದಿರ್ತಾರಲ್ಲ, ಅದು ಇದೇ, ಹೋಟೆಲ್ ಬುಕ್ ಮಾಡೋ ಮುಂಚೆ ಅದನ್ನ ನೋಡ್ಕೊಳ್ಳಿ.